ಉಲುರುವಿನ ಬುಡದಲ್ಲಿ ಮನೆಮಂದಿಯನ್ನೆಲ್ಲ ಸೇರಿಸುವುದು ಹೇಗೆ

ಮಗ ಸಿಡ್ನಿಯಲ್ಲಿ, ಮಗಳು ಮೆಲ್ಬರ್ನಿನಲ್ಲಿ, ಅಪ್ಪ-ಅಮ್ಮ ಮೈಸೂರಿನಲ್ಲಿ, ಚಿಕ್ಕಪ್ಪನ ಸಂಸಾರ ಅಮೆರಿಕದಲ್ಲಿ ನೆಲೆಸಿರುವ ಮನೆತನಗಳು ಈಗ ನಮ್ಮಲ್ಲಿ ಅಪರೂಪವೇನಲ್ಲ. ಇಂತಹ ಕುಟುಂಬಗಳು ಒಟ್ಟುಗೂಡುವುದು ಮದುವೆಗೋ ಗೃಹಪ್ರವೇಶಕ್ಕೋ ಮಾತ್ರ. ಅಲ್ಲಿ ಬಂದವರನ್ನು ಬರಮಾಡಿಕೊಳ್ಳುವುದರಲ್ಲಿ, ಪಂಕ್ತಿಯ ಮೇಲೆ ಪಂಕ್ತಿ ಬಡಿಸುವುದರಲ್ಲಿ ದಿನಗಳು ಕಳೆದುಹೋಗಿ, ಒಡಹುಟ್ಟಿದವರು ಒಂದು ಗಂಟೆ ಕುಳಿತು ಮಾತನಾಡದೆಯೇ ಮತ್ತೆ ವಿಮಾನ ಹತ್ತುತ್ತಾರೆ. ಯಾರ ಮನೆಯಲ್ಲಿ ಸೇರಿದರೂ ಆ ಮನೆಯ ಹೆಂಗಸರು ಅಡುಗೆಮನೆಯಿಂದ ಈಚೆಗೆ ಬರುವುದಿಲ್ಲ. ಆದ್ದರಿಂದ ಯಾರೂ ಆತಿಥೇಯರಲ್ಲದ, ಯಾರ ಊರೂ ಅಲ್ಲದ ಒಂದು ಜಾಗದಲ್ಲಿ ಮೂರು-ನಾಲ್ಕು ದಿನ ಕೂಡುವುದು ಲೇಸೆಂದು ನಮ್ಮ ಮನೆಯ ಹದಿನಾಲ್ಕು ಮಂದಿ ತೀರ್ಮಾನಿಸಿ, ಆಸ್ಟ್ರೇಲಿಯಾದ ನಡುಮಧ್ಯದಲ್ಲಿ, ನಾರ್ದರ್ನ್ ಟೆರಿಟರಿಯ ಕೆಂಪು ಮರಳಿನ ನಡುವೆ ನಿಂತಿರುವ ಉಲುರು ಎಂಬ ಹೆಬ್ಬಂಡೆಯನ್ನು ಆರಿಸಿಕೊಂಡೆವು. ಯಾರ ಊರೂ ಅಲ್ಲ ಎಂದದ್ದು ನಮ್ಮ ಮಟ್ಟಿಗೆ ಮಾತ್ರ. ಅದು ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರ ಊರು, ಅವರ ಪವಿತ್ರ ನೆಲ. ಈ ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಸಾವನದುರ್ಗವನ್ನೋ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನೋ ನೋಡಿ ಬೆಳೆದ ನಮಗೆ ಬಂಡೆಯೆಂದರೆ ಹತ್ತುವುದೆಂದೇ ಅರ್ಥ. ಉಲುರುವನ್ನು ಹತ್ತುವಂತಿಲ್ಲ. 2019ರ ಅಕ್ಟೋಬರ್ 26ರಂದು ಏರುದಾರಿಯನ್ನು ಶಾಶ್ವತವಾಗಿ ಮುಚ್ಚಲಾಯಿತು, ಹತ್ತುವವರು ಹಿಡಿದುಕೊಳ್ಳುತ್ತಿದ್ದ ಸರಪಳಿಯನ್ನೂ ಕಿತ್ತುಹಾಕಲಾಯಿತು. 1985ರಲ್ಲಿ ಇದೇ ತಾರೀಖಿನಂದು ಈ ನೆಲದ ಹಕ್ಕುಪತ್ರವನ್ನು ಅನಂಗು ಜನರಿಗೆ ಹಿಂದಿರುಗಿಸಲಾಗಿತ್ತು. ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ರಾಷ್ಟ್ರೀಯ ಉದ್ಯಾನಕ್ಕೆ ಕೊಟ್ಟು, ಸರ್ಕಾರದೊಡನೆ ಸೇರಿ ಆಡಳಿತ ನಡೆಸುತ್ತಿದ್ದಾರೆ. ನಿಮ್ಮ ಬಳಗದಲ್ಲಿ ಹಿಂದೆ ಹತ್ತಿಬಂದ ಭಾವನೋ ಸೋದರಮಾವನೋ ಇದ್ದರೆ ಅವರ ಕಥೆಯನ್ನು ಕೇಳಿ ಸುಮ್ಮನಾಗಿ. ನಾವು ಮಾಡಬೇಕಾದದ್ದು ಸುತ್ತು ಬರುವುದು. ಒಟ್ಟುಕುಟುಂಬದ ಪ್ರವಾಸಕ್ಕೆ ಇದೇ ಅನುಕೂಲವೂ ಹೌದು. ಹತ್ತುವ ಬೆಟ್ಟದಲ್ಲಿ ವಯಸ್ಸಾದವರು ಕೆಳಗೆ ಚಪ್ಪಲಿ ಕಾಯುತ್ತ ಕೂರಬೇಕಾಗುತ್ತದೆ. ಸುತ್ತುವ ಬಂಡೆಯ ಬಳಿ ಪ್ರತಿಯೊಬ್ಬರೂ ತಮ್ಮ ಕಾಲಿಗೆ ಎಟುಕುವಷ್ಟು ದಾರಿಯನ್ನು ಆರಿಸಿಕೊಂಡು, ನಡುವೆ ಒಂದೆಡೆ ಸೇರಬಹುದು. ಪ್ರವಾಸದ ಇಡೀ ಯೋಜನೆಯನ್ನು ನಿಮ್ಮ ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರ ಹೆಜ್ಜೆಯನ್ನು ಅಳತೆಗೋಲಾಗಿಟ್ಟುಕೊಂಡು ಹಾಕಿ.

ಕಾಲ ಮತ್ತು ತಿಥಿ

ಉಲುರುವಿನ ಋತುಗಳು ನಮ್ಮವಕ್ಕೆ ತಿರುಗುಮುರುಗು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಕಡುಬೇಸಿಗೆ. ಜನವರಿಯ ಹಗಲಿನ ಉಷ್ಣಾಂಶ ಸರಾಸರಿ 38 ಡಿಗ್ರಿಯ ಆಸುಪಾಸಿನಲ್ಲಿದ್ದು, ನಲವತ್ತನ್ನು ದಾಟುವ ದಿನಗಳೂ ಸಾಕಷ್ಟು ಇರುತ್ತವೆ. ಕ್ರಿಸ್‌ಮಸ್ ರಜೆಯೇ ಎಲ್ಲರಿಗೂ ಅನುಕೂಲವೆಂದು ಅಮೆರಿಕದವರು ಎಷ್ಟೇ ಒತ್ತಾಯಿಸಿದರೂ ಮುದುಕರನ್ನೂ ಎಳೆಮಕ್ಕಳನ್ನೂ ಆ ಬಿಸಿಲಿಗೆ ಕರೆದೊಯ್ಯಬಾರದು. ಜೂನ್-ಜುಲೈಯಲ್ಲಿ ಹಗಲು 20 ಡಿಗ್ರಿಯ ಹಿತವಾದ ಬಿಸಿಲಿದ್ದರೂ ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ, ಕೆಲವು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯಾಗುತ್ತದೆ. ಮರುಭೂಮಿಯೆಂದರೆ ಸೆಕೆಯೆಂದೇ ಭಾವಿಸಿ ಬರುವ ನಮ್ಮವರು ನಡುಗುವುದು ಇಲ್ಲೇ.

ನನ್ನ ಎಣಿಕೆಯಲ್ಲಿ ಕನ್ನಡದ ಕುಟುಂಬಗಳಿಗೆ ಅತ್ಯಂತ ಹೊಂದುವ ಕಾಲ ಏಪ್ರಿಲ್ ನಡುಭಾಗದಿಂದ ಮೇ ಕೊನೆಯವರೆಗೆ. ಕರ್ನಾಟಕದ ಶಾಲೆಗಳಿಗೆ ಆಗ ಬೇಸಿಗೆ ರಜೆ. ಸಿಡ್ನಿಯ ಶಾಲೆಗಳಿಗೂ ಏಪ್ರಿಲ್‌ನಲ್ಲಿ ಎರಡು ವಾರಗಳ ಬಿಡುವಿರುತ್ತದೆ. ಎರಡೂ ರಜೆಗಳು ಒಂದರ ಮೇಲೊಂದು ಬೀಳುವ ಆ ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಹುಡುಕಿ ಗುರುತು ಹಾಕಿ. ಉಲುರುವಿನಲ್ಲಿ ಆಗ ಹಗಲು 30 ಡಿಗ್ರಿಯ ಸುತ್ತಮುತ್ತ, ರಾತ್ರಿ ಅದರ ಅರ್ಧದಷ್ಟು ಇರುತ್ತದೆ. ಮೇ ತಿಂಗಳಲ್ಲಿ ಇನ್ನೂ ತಂಪು. ಬಳ್ಳಾರಿ-ರಾಯಚೂರಿನ ಏಪ್ರಿಲ್ ಬಿಸಿಲನ್ನು ಬಿಟ್ಟು ಮರುಭೂಮಿಗೆ ತಂಪು ಹುಡುಕಿಕೊಂಡು ಬಂದೆವೆಂದು ನಮ್ಮ ದೊಡ್ಡಪ್ಪ ಇಂದಿಗೂ ನಗುತ್ತಾರೆ.

ತಾರೀಖು ಗೊತ್ತುಮಾಡುವಾಗ ಮನೆಯ ಹಿರಿಯರ ಪಂಚಾಂಗವೂ ಉಪಯೋಗಕ್ಕೆ ಬರುತ್ತದೆ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಹೋದರೆ, ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳು ಜನ್ಮದಲ್ಲಿ ನೋಡಿರದಷ್ಟು ನಕ್ಷತ್ರಗಳು ಕಾಣುತ್ತವೆ. ಹುಣ್ಣಿಮೆಯಲ್ಲಿ ಹೋದರೆ ಬೆಳದಿಂಗಳಲ್ಲಿ ಬಂಡೆ ಕಾಣುತ್ತದೆ, ನಕ್ಷತ್ರಗಳು ಮಂಕಾಗುತ್ತವೆ. ನಾನು ಅಮಾವಾಸ್ಯೆಯ ಪರ. ಶುಭಕಾರ್ಯವಲ್ಲವಲ್ಲ, ಅಜ್ಜಿಯೂ ಒಪ್ಪಿಕೊಂಡರು.

ಹೊರಡುವ ಮೊದಲಿನ ಕೆಲಸಗಳು

ಉದ್ಯಾನದ ಒಳಗೆ ಪ್ರವಾಸಿಗರಿಗೆ ವಸತಿ ಇಲ್ಲ. ಬಂಡೆಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, 1980ರ ದಶಕದಲ್ಲಿ ಪ್ರವಾಸಿಗರಿಗೆಂದೇ ಕಟ್ಟಿದ ಯುಲಾರಾ ಎಂಬ ಪುಟ್ಟ ಊರಿದೆ. ಹೋಟೆಲು, ಅಡುಗೆಮನೆಯಿರುವ ಅಪಾರ್ಟ್‌ಮೆಂಟು, ಡೇರೆ ಹಾಕುವ ಮೈದಾನ, ದಿನಸಿ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲವೂ ಅಲ್ಲೇ. ಹತ್ತಿರದಲ್ಲಿ ಬೇರೆ ಊರೇ ಇಲ್ಲದ ಕಾರಣ ದರಗಳು ಹೆಚ್ಚು, ರಜೆಯ ದಿನಗಳಲ್ಲಿ ಕೋಣೆಗಳು ಬೇಗ ಮುಗಿಯುತ್ತವೆ. ಆದ್ದರಿಂದ ಮೊದಲು ವಸತಿ, ಆಮೇಲೆ ವಿಮಾನ ಎಂಬ ಕ್ರಮವನ್ನು ಬಿಡಬೇಡಿ. ಇದು ಆರು ತಿಂಗಳ ಹಿಂದೆಯೇ ಆಗಬೇಕಾದ ಕೆಲಸ. ದೊಡ್ಡ ಬಳಗಕ್ಕೆ ಅಕ್ಕಪಕ್ಕದ ಎರಡು-ಮೂರು ಅಪಾರ್ಟ್‌ಮೆಂಟುಗಳೇ ಸರಿ. ಅವುಗಳಲ್ಲಿ ಒಂದನ್ನು ‘ದೊಡ್ಡಮನೆ’ ಎಂದು ಗೊತ್ತುಮಾಡಿ, ಕಾಫಿ-ತಿಂಡಿ-ಹರಟೆಗಳೆಲ್ಲ ಅಲ್ಲಿಯೇ ನಡೆಯುವಂತೆ ನೋಡಿಕೊಳ್ಳಿ. ಹುಡುಗರಿಗೆ ಡೇರೆಯ ಆಸೆಯಿದ್ದರೆ ಅವರು ಒಂದು ರಾತ್ರಿ ಹೋಗಲಿ. ಡಿಂಗೋ ಎಂಬ ಕಾಡುನಾಯಿಗಳು ಆ ಸುತ್ತಿನಲ್ಲಿ ಓಡಾಡುತ್ತವೆ. 1980ರಲ್ಲಿ ಬಂಡೆಯ ಬಳಿಯ ಡೇರೆಯೊಂದರಿಂದ ಎಳೆಗೂಸನ್ನು ಡಿಂಗೋ ಒಯ್ದ ಘಟನೆ ಆ ದೇಶವನ್ನೇ ಬಹುಕಾಲ ಕಾಡಿತು. ತಿನಿಸನ್ನು ಹೊರಗೆ ಬಿಡಬಾರದು, ಪ್ರಾಣಿಗಳಿಗೆ ಏನನ್ನೂ ಹಾಕಬಾರದು, ಪುಟ್ಟ ಮಕ್ಕಳನ್ನು ಒಂಟಿಯಾಗಿ ಬಿಡಬಾರದು.

ಬೆಂಗಳೂರಿನಿಂದ ಸಿಡ್ನಿಗೆ 2022ರಿಂದ ನೇರ ವಿಮಾನವಿದೆ. ಸಿಡ್ನಿಯಿಂದ ಉಲುರುವಿಗೆ ಮತ್ತೆ ಮೂರೂವರೆ ಗಂಟೆಯ ಹಾರಾಟ. ವಿಮಾನ ನಿಲ್ದಾಣಕ್ಕೆ ಇನ್ನೂ ಏಯರ್ಸ್ ರಾಕ್ ಎಂಬ ಹೆಸರೇ ಉಳಿದಿರುವುದರಿಂದ ಟಿಕೆಟ್ ಹುಡುಕುವಾಗ ಆ ಹೆಸರನ್ನೂ ಹಾಕಿ ನೋಡಿ. 1873ರಲ್ಲಿ ವಿಲಿಯಂ ಗಾಸ್ ಎಂಬ ಭೂಮಾಪಕ ದಕ್ಷಿಣ ಆಸ್ಟ್ರೇಲಿಯಾದ ಸರ್ ಹೆನ್ರಿ ಏಯರ್ಸ್ ಅವರ ಹೆಸರನ್ನು ಈ ಬಂಡೆಗೆ ಇಟ್ಟಿದ್ದ. 1993ರಲ್ಲಿ ಎರಡು ಹೆಸರುಗಳೂ ಅಧಿಕೃತವಾದವು, 2002ರಲ್ಲಿ ಉಲುರು ಎಂಬುದು ಮುಂದಕ್ಕೆ ಬಂತು. ಭಾರತದಿಂದ ಬಂದಿಳಿದ ದಿನವೇ ಹಿರಿಯರನ್ನು ಉಲುರುವಿನ ವಿಮಾನಕ್ಕೆ ಹತ್ತಿಸಬೇಡಿ. ಸಿಡ್ನಿಯಲ್ಲಿ ಎರಡು-ಮೂರು ದಿನ ನಿದ್ದೆ ತೀರಿಸಿಕೊಂಡು ಹೊರಡುವುದು ಮೇಲು. ಉಲುರುವಿನ ಗಡಿಯಾರ ಭಾರತಕ್ಕಿಂತ ಸರಿಯಾಗಿ ನಾಲ್ಕು ಗಂಟೆ ಮುಂದಿರುತ್ತದೆ. ಊರಿನಲ್ಲಿ ಉಳಿದ ನೆಂಟರಿಗೆ ಫೋನು ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ವೀಸಾದ ಅರ್ಜಿಯನ್ನು ಮೂರು ತಿಂಗಳ ಮುಂಚೆಯೇ ಹಾಕಿ. ಭಾರತದ ಪಾಸ್‌ಪೋರ್ಟ್ ಇರುವವರು ಸಂದರ್ಶಕರ ವೀಸಾವನ್ನು ಆನ್‌ಲೈನ್‌ನಲ್ಲಿ ಪಡೆಯಬೇಕು, ಬಹಳ ವಯಸ್ಸಾದವರಿಗೆ ವೈದ್ಯಕೀಯ ತಪಾಸಣೆ ಕೇಳುವ ಸಾಧ್ಯತೆಯೂ ಇರುತ್ತದೆ. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಭಾರತದ ಪ್ರವಾಸಿಗರಿಗೆ ಅನ್ವಯಿಸುವುದಿಲ್ಲವಾದ್ದರಿಂದ ಪ್ರವಾಸ ವಿಮೆಯಲ್ಲಿ ಜಿಪುಣತನ ಬೇಡ. ಯುಲಾರಾದಲ್ಲಿ ಚಿಕಿತ್ಸಾಲಯವಿದ್ದರೂ ದೊಡ್ಡ ಆಸ್ಪತ್ರೆ 450 ಕಿಲೋಮೀಟರು ದೂರದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಪೂರ್ತಿ ಪ್ರವಾಸಕ್ಕೆ ಸಾಕಾಗುವಷ್ಟು, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲೇ ಇಟ್ಟುಕೊಳ್ಳಿ. ನಮ್ಮ ಎರಡು ಪೆಟ್ಟಿಗೆಗಳು ದಾರಿಯಲ್ಲೆಲ್ಲೋ ಉಳಿದು ಮರುದಿನ ಸಂಜೆ ಬಂದವು. ಅತ್ತೆಯ ಮಾತ್ರೆಗಳು ಅವುಗಳಲ್ಲೇ ಇದ್ದವು. ಆ ಒಂದು ದಿನದ ಕಳವಳವನ್ನು ಬೇರೆಯವರು ಪಡುವುದು ಬೇಡ.

ಓಡಾಟಕ್ಕೆ ವಿಮಾನ ನಿಲ್ದಾಣದಲ್ಲಿಯೇ ಬಾಡಿಗೆ ವಾಹನ ಪಡೆಯಬಹುದು, ಬಂಡೆಗೆ ಹೋಗಿಬರುವ ಬಸ್ಸುಗಳೂ ಇವೆ. ಹತ್ತಕ್ಕಿಂತ ಹೆಚ್ಚು ಜನರಿದ್ದಾಗ ಒಂದೇ ದೊಡ್ಡ ವ್ಯಾನಿಗಿಂತ ಎರಡು ವಾಹನಗಳೇ ಮೇಲು. ಒಂದು ಮುಂಜಾನೆ ಹೊರಡುವವರಿಗೆ, ಇನ್ನೊಂದು ತಿಂಡಿ ಮುಗಿಸಿ ಹೊರಡುವವರಿಗೆ. ಏಳು ವರ್ಷ ತುಂಬದ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಆಸನ ಕಡ್ಡಾಯ. ಅದನ್ನು ವಾಹನದ ಜೊತೆಗೇ ಕಾದಿರಿಸಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ರಸ್ತೆಯಲ್ಲಿ ಬರುವ ಉಮೇದಿರುವವರು ಐದು ಗಂಟೆಯ ದಾರಿಯೆಂದು ಲೆಕ್ಕಹಾಕಿ, ಬೆಳಕಿರುವಾಗಲೇ ಮುಗಿಸಬೇಕು. ಮುಸ್ಸಂಜೆಯಾದ ಮೇಲೆ ಕಾಂಗರೂಗಳೂ ಕಾಡುಬಿದ್ದ ಒಂಟೆಗಳೂ ರಸ್ತೆಗೆ ಬರುತ್ತವೆ, ಬಾಡಿಗೆ ವಾಹನದ ವಿಮೆಯೂ ಅನೇಕ ವೇಳೆ ಊರ ಹೊರಗಿನ ರಾತ್ರಿ ಚಾಲನೆಗೆ ಸಿಗುವುದಿಲ್ಲ. ಆ ದಾರಿಯಲ್ಲಿ ಚಪ್ಪಟೆ ತಲೆಯ ದೊಡ್ಡ ಬೆಟ್ಟವೊಂದು ಎಡಗಡೆ ಕಾಣಿಸಿದಾಗ ಎಲ್ಲರೂ ಬಂದೆವೆಂದು ಕೂಗುತ್ತಾರೆ. ಅದು ಮೌಂಟ್ ಕಾನರ್, ಉಲುರು ಇನ್ನೂ ಮುಂದಿದೆ. ಮೊಬೈಲು ಊರಿನೊಳಗೆ ಸಿಗುತ್ತದೆ, ದೂರದ ರಸ್ತೆಗಳಲ್ಲಿ ಸಿಗುವುದಿಲ್ಲ.

ಉದ್ಯಾನದ ಪ್ರವೇಶಕ್ಕೆ ಮೂರು ದಿನಗಳ ಪಾಸನ್ನು ಆನ್‌ಲೈನ್‌ನಲ್ಲೇ ಕೊಳ್ಳಿ. ಹದಿನೆಂಟು ತುಂಬದವರಿಗೆ ಶುಲ್ಕವಿಲ್ಲ, ಹಿರಿಯರು ಕೊಡುವ ಹಣದಲ್ಲಿ ಒಂದು ಪಾಲು ಅನಂಗು ಜನರಿಗೆ ಸೇರುತ್ತದೆ. ಗೇಟು ತೆರೆಯುವ, ಮುಚ್ಚುವ ಹೊತ್ತು ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ.

ಹಣದ ವಿಷಯ ಮಾತನಾಡಲು ನಮ್ಮವರಿಗೆ ಸಂಕೋಚ. ಒಬ್ಬರೇ ಎಲ್ಲವನ್ನೂ ಕಾದಿರಿಸಲಿ, ಇನ್ನೊಬ್ಬರು ಲೆಕ್ಕ ಬರೆಯಲಿ. ಡಾಲರಿನಲ್ಲಿ ದುಡಿಯುವವರು ಹಿರಿಯರ ಪಾಲನ್ನು ಹೊರುವುದಾದರೆ ಅದನ್ನು ಟಿಕೆಟ್ ಕೊಳ್ಳುವ ಮೊದಲೇ ತಮ್ಮೊಳಗೆ ತೀರ್ಮಾನಿಸಿಕೊಳ್ಳಲಿ. ಊಟದ ಮೇಜಿನ ಮುಂದೆ ಬಿಲ್ಲಿಗಾಗಿ ಭಾವಮೈದುನರು ಕೈ ಹಿಡಿದು ಎಳೆದಾಡುವ ದೃಶ್ಯ ಮದುವೆಮನೆಗೇ ಸಾಕು.

ಬುತ್ತಿ

ಸಸ್ಯಾಹಾರಿಗಳ ಬಳಗವಾದರೆ ಊಟದ ಯೋಚನೆಯನ್ನು ಮೊದಲೇ ಮಾಡಬೇಕಾಗುತ್ತದೆ. ಯುಲಾರಾದ ಹೋಟೆಲುಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಮೂರು ದಿನ ಮೂರು ಹೊತ್ತು ಅದನ್ನೇ ತಿಂದು ಅಜ್ಜ-ಅಜ್ಜಿ ಗೆಲುವಾಗಿರುವುದು ಕಷ್ಟ. ಭಾರತದಿಂದ ತರುವ ತಿನಿಸುಗಳ ಬಗ್ಗೆ ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ಕಾಯಿದೆ ಬಹಳ ಬಿಗಿ. ಹಾಲಿನ ಸಿಹಿತಿನಿಸು, ತಾಜಾ ಕರಿಬೇವು, ಹಣ್ಣು-ತರಕಾರಿ, ಬಿತ್ತನೆಯ ಬೀಜಗಳನ್ನು ತರಲೇಬೇಡಿ. ಉಳಿದ ಯಾವುದೇ ತಿನಿಸಿದ್ದರೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ‘ಇದೆ’ ಎಂದು ಬರೆಯಿರಿ. ಇದೆಯೆಂದು ಹೇಳಿ ತೋರಿಸಿದವರಿಂದ ಹೆಚ್ಚೆಂದರೆ ಆ ಪೊಟ್ಟಣವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟವರಿಗೆ ಭಾರಿ ದಂಡ ಬೀಳುತ್ತದೆ. ಪೆಟ್ಟಿಗೆಯ ತಳದಲ್ಲಿ ಮೈಸೂರು ಪಾಕನ್ನು ಸೀರೆಯಲ್ಲಿ ಸುತ್ತಿಡುವ ಪ್ರೀತಿಯ ಚಿಕ್ಕಮ್ಮಂದಿರಿಗೆ ಇದನ್ನು ಎರಡು ಸಲ ಹೇಳಿ.

ನಾವು ಕಂಡುಕೊಂಡ ದಾರಿ ಇದು: ಅಕ್ಕಿ, ಅವಲಕ್ಕಿ, ರವೆ, ತೊಗರಿಬೇಳೆ, ಸಾರಿನಪುಡಿ, ಚಟ್ನಿಪುಡಿಗಳನ್ನು ಸಿಡ್ನಿಯ ಹ್ಯಾರಿಸ್ ಪಾರ್ಕ್ ಸುತ್ತಿನ ಭಾರತೀಯ ಅಂಗಡಿಗಳಲ್ಲಿ ಕೊಂಡು, ಒಂದು ಪೆಟ್ಟಿಗೆಯಲ್ಲಿ ಪುಟ್ಟ ರೈಸ್ ಕುಕ್ಕರಿನ ಜೊತೆಗೆ ಒಯ್ದೆವು. ಹಾಲು, ಮೊಸರು, ತರಕಾರಿಗಳನ್ನು ಯುಲಾರಾದ ದಿನಸಿ ಅಂಗಡಿಯಲ್ಲಿ ಕೊಂಡೆವು. ರಾಜ್ಯದಿಂದ ರಾಜ್ಯಕ್ಕೂ ಹಣ್ಣು-ತರಕಾರಿ ಒಯ್ಯುವುದಕ್ಕೆ ನಿರ್ಬಂಧಗಳಿವೆ. ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ‘ದೊಡ್ಡಮನೆ’ಯಲ್ಲಿ, ಮಧ್ಯಾಹ್ನದ್ದು ಬುತ್ತಿ ಎಂದು ನಿಯಮ ಮಾಡಿದೆವು. ಅಡುಗೆಯ ಸರದಿಯನ್ನು ಚೀಟಿ ಎತ್ತಿ ಹಂಚಿದೆವು, ಗಂಡಸರ ಹೆಸರುಗಳನ್ನೂ ಸೇರಿಸಿ. ಮೊದಲ ರಾತ್ರಿಯ ಬಿಸಿಬೇಳೆಬಾತು ದೊಡ್ಡಪ್ಪನ ಕೈಯದು. ಅದರ ರುಚಿಯ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಬಂಡೆಯ ಸುತ್ತ

ಉಲುರು ಬಯಲಿನ ಮಟ್ಟದಿಂದ 348 ಮೀಟರು ಎತ್ತರಕ್ಕೆ ಎದ್ದು ನಿಂತಿದೆ. ಬುಡದ ಸುತ್ತಳತೆ 9.4 ಕಿಲೋಮೀಟರು. ಸಾವನದುರ್ಗದಂತೆ ಇದು ಗ್ರಾನೈಟ್ ಜಾತಿಯ ಕಲ್ಲಲ್ಲ. ಸುಮಾರು 55 ಕೋಟಿ ವರ್ಷಗಳ ಹಿಂದೆ ಬೆಟ್ಟಗಳಿಂದ ಕೊಚ್ಚಿಬಂದ ಮರಳು ಪದರಪದರವಾಗಿ ಕೂತು ಗಟ್ಟಿಯಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಆ ಪದರಗಳು ಬಹುಮಟ್ಟಿಗೆ ನೆಟ್ಟಗೆ ನಿಲ್ಲುವಂತೆ ವಾಲಿದ ಮರಳುಗಲ್ಲು. ಕಲ್ಲಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಮೈಯೆಲ್ಲ ಕೆಂಪಾಗಿದೆ, ಒಳಗಿನ ನಿಜವಾದ ಬಣ್ಣ ಬೂದು. ಗುಹೆಗಳ ಒಳಮೈಯಲ್ಲಿ ಆ ಬೂದುಬಣ್ಣವನ್ನು ಮಕ್ಕಳಿಗೆ ತೋರಿಸಿ.

ಬಂದಿಳಿದ ದಿನ ಸಂಜೆ ಸೂರ್ಯಾಸ್ತ ನೋಡುವ ಜಾಗಕ್ಕೆ ಹೋಗುವುದಷ್ಟೇ ಸಾಕು. ವಾಹನ ನಿಲ್ಲಿಸಿ, ಮಡಿಸುವ ಕುರ್ಚಿಗಳನ್ನು ಹಾಕಿ, ಫ್ಲಾಸ್ಕಿನ ಕಾಫಿ ಸುರಿದುಕೊಂಡು ಕುಳಿತರೆ, ಕಂದು ಬಂಡೆ ಕೆಂಡದ ಬಣ್ಣಕ್ಕೆ ತಿರುಗಿ, ಆಮೇಲೆ ನೇರಳೆಯಾಗಿ, ಬೂದಿ ಮುಚ್ಚಿದಂತೆ ಆರುವುದನ್ನು ನಡೆಯಲಾರದವರೂ ಕುಳಿತಲ್ಲೇ ನೋಡಬಹುದು. ಅರ್ಧ ಗಂಟೆ ಮುಂಚೆ ಹೋಗದಿದ್ದರೆ ಜಾಗ ಸಿಗುವುದು ಕಷ್ಟ.

ಎರಡನೆಯ ದಿನವೇ ಪ್ರವಾಸದ ಮುಖ್ಯ ದಿನ. ಬುಡದ ಸುತ್ತಿನ ಪೂರ್ಣ ಕಾಲುದಾರಿ 10.6 ಕಿಲೋಮೀಟರು, ಸುಮಾರು ಮೂರೂವರೆ ಗಂಟೆಯ ನಡಿಗೆ, ಬಹುತೇಕ ಸಮತಟ್ಟು. ಮಾಲಾ ಎಂಬ ವಾಹನ ನಿಲ್ದಾಣದಿಂದ ಬೆಳಗಿನ ತಂಪಿನಲ್ಲಿ ಹೊರಟು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿರೆಂದು ಉದ್ಯಾನದವರು ಸಲಹೆ ನೀಡುತ್ತಾರೆ. ಬಂಡೆ ಬಲಕ್ಕಿರುತ್ತದೆ, ಅಂದರೆ ನಮ್ಮ ಪ್ರದಕ್ಷಿಣೆಯ ದಿಕ್ಕೇ. ಅವರ ಕಾರಣ ಬಿಸಿಲಿನದು, ನಮ್ಮ ಶಾಸ್ತ್ರದ್ದಲ್ಲ. ಆದರೂ ನಮ್ಮ ಅಜ್ಜಿ ಈ ಸಂಗತಿಯನ್ನು ಕೇಳಿ ಸಮಾಧಾನಪಟ್ಟರು.

ಗುಂಪನ್ನು ಎರಡಾಗಿ ಮಾಡಿ. ಕಾಲು ಗಟ್ಟಿಯಿರುವವರು ಸೂರ್ಯೋದಯದ ಹೊತ್ತಿಗೆ ಮಾಲಾದಿಂದ ಹೊರಡಲಿ. ಬಿಸಿಲಿಗೆ ತೆರೆದುಕೊಂಡ ಉತ್ತರ ಮತ್ತು ಪೂರ್ವದ ಮಗ್ಗುಲುಗಳು ಅವರಿಗೆ ಮೊದಲೇ ಮುಗಿಯುತ್ತವೆ. ದಾರಿಯ ಮುಕ್ಕಾಲು ಪಾಲನ್ನು ನಡೆದು ಅವರು ದಕ್ಷಿಣದ ಕುನಿಯಾ ಕಾಲುದಾರಿಗೆ ಬರುವಷ್ಟರಲ್ಲಿ, ಹಿರಿಯರೂ ಮಕ್ಕಳೂ ತಿಂಡಿ ಮುಗಿಸಿ ಇನ್ನೊಂದು ವಾಹನದಲ್ಲಿ ಕುನಿಯಾ ನಿಲ್ದಾಣಕ್ಕೆ ಬಂದಿಳಿಯಲಿ. ಅಲ್ಲಿಂದ ಹೋಗಿಬರಲು ಒಂದೇ ಕಿಲೋಮೀಟರು, ಗಾಲಿಕುರ್ಚಿಯೂ ಹೋಗುವ ದಾರಿ. ಅದರ ಕೊನೆಯಲ್ಲಿ ಬಂಡೆಯ ಮಡಿಲಿನಲ್ಲಿ ಮುಟಿಜುಲು ಎಂಬ ನೀರಿನ ಮಡುವಿದೆ, ನೆರಳಿದೆ, ಕೂರಲು ಜಾಗವಿದೆ. ಎರಡು ಗುಂಪುಗಳೂ ಅಲ್ಲಿ ಕೂಡಲಿ. ಮಡುವಿಗೆ ಇಳಿಯುವುದು, ಮೀಯುವುದು ಮಾತ್ರ ಸಲ್ಲದು. ವನ್ಯಜೀವಿಗಳಿಗೂ ಆ ಜನರಿಗೂ ಅದು ಅಮೂಲ್ಯವಾದ ನೀರು.

ಆ ಮಡುವಿನ ಬಳಿ ಮಕ್ಕಳಿಗೆ ಹೇಳಬಹುದಾದ ಕಥೆಯೊಂದನ್ನು ಅನಂಗು ಜನರೇ ಎಲ್ಲರೊಡನೆ ಹಂಚಿಕೊಂಡಿದ್ದಾರೆ. ಕುನಿಯಾ ಎಂಬ ಹೆಬ್ಬಾವು-ಹೆಣ್ಣು ತನ್ನ ಮೊಟ್ಟೆಗಳನ್ನು ಹಾರದಂತೆ ಧರಿಸಿಕೊಂಡು ದೂರದಿಂದ ಬಂದಳು. ಲಿರು ಎಂಬ ವಿಷದ ಹಾವಿನ ಗಂಡಸರು ಅವಳ ಸಂಬಂಧದ ಹುಡುಗನನ್ನು ಕೊಂದಿದ್ದರು. ಅವಳು ಸಿಟ್ಟಿನಿಂದ ಕೋಲೆತ್ತಿ ಲಿರುವಿನ ತಲೆಗೆ ಎರಡು ಪೆಟ್ಟು ಹಾಕಿದಳು. ಆ ಪೆಟ್ಟುಗಳ ಗುರುತು ಬಂಡೆಯ ಮೈಯಲ್ಲಿ ಸೀಳುಗಳಾಗಿ ಇಂದಿಗೂ ಇವೆ. ಇಂಗ್ಲಿಷಿನ ನಿರೂಪಣೆಯಲ್ಲಿ ಆ ಹುಡುಗ ಅವಳಿಗೆ ‘ನೆಫ್ಯೂ’. ಅಷ್ಟು ಕೇಳಿದ್ದೇ ತಡ, ನಮ್ಮ ಅತ್ತೆ, ಅಣ್ಣನ ಮಗನೋ ಅಕ್ಕನ ಮಗನೋ, ಅವಳು ಅವನಿಗೆ ಸೋದರತ್ತೆಯೋ ಚಿಕ್ಕಮ್ಮನೋ ಎಂದು ಕೇಳಿದರು. ಯಾರಲ್ಲೂ ಉತ್ತರವಿರಲಿಲ್ಲ. ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು, ಹದಿನಾಲ್ಕು ಜನರೂ ಒಂದೇ ನೆರಳಿನಲ್ಲಿ ಕುಳಿತಿದ್ದರು. ಕಥೆಗಳನ್ನೂ ಕಟ್ಟಳೆಗಳನ್ನೂ ಒಳಗೊಂಡ ತಮ್ಮ ಈ ಇಡೀ ಪರಂಪರೆಯನ್ನು ಅನಂಗು ಜನರು ಜುಕುರ್ಪ ಎನ್ನುತ್ತಾರೆ. ಅದನ್ನು ಕಟ್ಟುಕಥೆಯೆಂದು ಕರೆದರೆ ನಮ್ಮ ಸ್ಥಳಪುರಾಣವನ್ನು ಯಾರೋ ಹಾಗೆ ಕರೆದಷ್ಟೇ ನೋವಾದೀತು.

ಮಾಲಾ ಕಾಲುದಾರಿಯನ್ನು ಇನ್ನೊಂದು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಹೋಗಿಬರಲು ಎರಡು ಕಿಲೋಮೀಟರು, ಇದೂ ಗಾಲಿಕುರ್ಚಿಗೆ ಒದಗುವ ದಾರಿ. ಉದ್ಯಾನದ ರೇಂಜರುಗಳು ಉಚಿತವಾಗಿ ವಿವರಿಸುತ್ತ ಕರೆದೊಯ್ಯುವ ನಡಿಗೆಯೂ ಇಲ್ಲಿದೆ. ಅದು ನಡೆಯುವ ದಿನವನ್ನೂ ಹೊತ್ತನ್ನೂ ಉದ್ಯಾನದ ಜಾಲತಾಣದಲ್ಲಿ ನೋಡಿಕೊಂಡು ಹೋಗಿ. ಹುಡುಗರಿಗೆ ಪಾಠ ಹೇಳುತ್ತಿದ್ದ ಗುಹೆ, ಹೆಂಗಸರು ಕಾಳು ಬೀಸಿ ಅಡುಗೆ ಮಾಡುತ್ತಿದ್ದ ಗುಹೆ, ಮುದುಕರು ಕೂರುತ್ತಿದ್ದ ಗುಹೆ ಎಂದು ಒಂದು ಒಟ್ಟುಕುಟುಂಬದ ಮನೆಯ ಕೋಣೆಗಳೇ ಸಾಲಾಗಿ ತೆರೆದುಕೊಂಡಂತೆ ಕಾಣುತ್ತದೆ. ಅಡುಗೆಯ ಗುಹೆಯ ಮುಂದೆ ನಮ್ಮ ಹೆಂಗಸರು ಅರ್ಥಪೂರ್ಣವಾಗಿ ಗಂಡಸರ ಕಡೆ ನೋಡಿದರು.

ಚಿತ್ರ ತೆಗೆಯುವವರಿಗೆ ಒಂದು ಎಚ್ಚರಿಕೆ. ಬಂಡೆಯ ಕೆಲವು ಭಾಗಗಳು ಅನಂಗು ಹೆಂಗಸರಿಗೆ ಮಾತ್ರ, ಕೆಲವು ಗಂಡಸರಿಗೆ ಮಾತ್ರ ಸೇರಿದ ಪವಿತ್ರ ಸ್ಥಾನಗಳು. ಅವುಗಳ ಚಿತ್ರ ಬೇರೆಯವರ ಕಣ್ಣಿಗೆ ಬೀಳಬಾರದೆಂಬುದು ಕಟ್ಟಳೆ. ಅಲ್ಲಿ ಫಲಕಗಳಿರುತ್ತವೆ, ಫೋನುಗಳನ್ನು ಜೇಬಿಗೆ ಹಾಕಿ. ಉದ್ಯಾನದ ಸಾಂಸ್ಕೃತಿಕ ಕೇಂದ್ರದ ಒಳಗೂ ಚಿತ್ರ ತೆಗೆಯುವಂತಿಲ್ಲ, ಖಾಸಗಿ ಡ್ರೋನುಗಳನ್ನು ಉದ್ಯಾನದಲ್ಲಿ ಎಲ್ಲಿಯೂ ಹಾರಿಸುವಂತಿಲ್ಲ. ಬಂಡೆಯ ಪಕ್ಕದಲ್ಲೇ ಇರುವ ಮುಟಿಜುಲು ಹಳ್ಳಿ ಅನಂಗು ಜನರು ವಾಸಿಸುವ ಜಾಗ, ಪರವಾನಗಿ ಇಲ್ಲದೆ ಒಳಗೆ ಹೋಗಬಾರದು. ಎದುರಾದವರಿಗೆ ‘ಪಾಲ್ಯಾ’ ಎಂದರೆ ನಮಸ್ಕಾರವೂ ಆಯಿತು, ಕ್ಷೇಮವೂ ಆಯಿತು, ಹೋಗಿಬರುತ್ತೇವೆ ಎಂದೂ ಆಯಿತು. ಅನಂಗು ಜನರ ಭಾಷೆಯಾದ ಪಿಜಾಂಜಾಜಾರದಲ್ಲಿ ನಮ್ಮ ಮಕ್ಕಳು ಕಲಿತ ಮೊದಲ ಮಾತು ಅದು.

ನಡಿಗೆಗೆ ಬೇಕಾದದ್ದು ಹೆಚ್ಚೇನಿಲ್ಲ. ಬಿಸಿಲಿನಲ್ಲಿ ತಲೆಗೆ ಗಂಟೆಗೊಂದು ಲೀಟರು ನೀರು, ಅಗಲ ಅಂಚಿನ ಟೋಪಿ, ತುಂಬುತೋಳಿನ ಹತ್ತಿಯ ಅಂಗಿ, ಬೆರಳು ಮುಚ್ಚುವ ಬೂಟು. ಸೀರೆಯ ಕೆಳಗೆ ಕ್ರೀಡಾಬೂಟು ಹಾಕಲು ನಾಚುವ ಹಿರಿಯರಿಗೆ, ಅಲ್ಲಿ ನೋಡಲು ನೊಣಗಳ ಹೊರತು ಯಾರಿಲ್ಲವೆಂದು ಧೈರ್ಯ ಹೇಳಿ. ಈ ನೊಣಗಳು ಕಚ್ಚುವುದಿಲ್ಲ, ಆದರೆ ಕಣ್ಣು, ಮೂಗು, ಬಾಯಿಗೆ ಮುತ್ತುತ್ತವೆ. ತಲೆಗೆ ಹಾಕುವ ಬಲೆಯನ್ನು ತಲೆಗೊಂದರಂತೆ ಮೊದಲೇ ಕೊಂಡಿರಿ. ಬಿಸಿಲು ಜೋರಿರುವ ದಿನ ಹನ್ನೊಂದರ ಒಳಗೆ ನಡಿಗೆ ಮುಗಿಸಿ, ಮಧ್ಯಾಹ್ನವನ್ನು ನಿದ್ದೆಗೂ ಇಸ್ಪೀಟಿಗೂ ಬಿಡಿ. ಶೌಚಾಲಯ ಮಾಲಾ ನಿಲ್ದಾಣದಲ್ಲಿಯೂ ಸಾಂಸ್ಕೃತಿಕ ಕೇಂದ್ರದಲ್ಲಿಯೂ ಇರುವುದರಿಂದ ಹಿರಿಯರನ್ನು ಕುನಿಯಾಕ್ಕೆ ಕರೆದೊಯ್ಯುವ ಮುನ್ನ ಕೇಂದ್ರದಲ್ಲಿ ಒಮ್ಮೆ ನಿಲ್ಲಿಸಿ.

ಕಟ ಜೂಟ ಮತ್ತು ರಾತ್ರಿಗಳು

ಮೂರನೆಯ ದಿನ ಯುಲಾರಾದಿಂದ 50 ಕಿಲೋಮೀಟರು ದೂರದ ಕಟ ಜೂಟಕ್ಕೆ ಹೋಗಿ. ಹೆಸರಿನ ಅರ್ಥ ‘ಅನೇಕ ತಲೆಗಳು’. 36 ಗುಮ್ಮಟಗಳ ಗುಂಪು ಅದು, ಅತಿ ಎತ್ತರದ್ದು ಬಯಲಿನಿಂದ 546 ಮೀಟರು, ಅಂದರೆ ಉಲುರುವಿಗಿಂತ ದೊಡ್ಡದು. ದಾರಿಯಲ್ಲಿ ಮರಳುದಿಬ್ಬದ ಮೇಲೊಂದು ವೀಕ್ಷಣಾ ಕಟ್ಟೆಯಿದ್ದು, ಹಿರಿಯರಿಗೆ ಅಷ್ಟೇ ಸಾಕಾಗಬಹುದು. ವಾಲ್ಪಾ ಕಮರಿಯ ದಾರಿ ಹೋಗಿಬರಲು 2.6 ಕಿಲೋಮೀಟರು, ಕಲ್ಲುಕಲ್ಲಾಗಿದೆ. ಗಾಳಿಯ ಕಣಿವೆಯ 7.4 ಕಿಲೋಮೀಟರಿನ ಸುತ್ತುದಾರಿ ಗಟ್ಟಿಗರಿಗೆ ಮಾತ್ರ. 36 ಡಿಗ್ರಿ ಮುಟ್ಟುವ ಮುನ್ಸೂಚನೆಯಿರುವ ದಿನ ಹನ್ನೊಂದು ಗಂಟೆಯ ನಂತರ ಅದರ ಒಳಭಾಗವನ್ನು ಮುಚ್ಚುತ್ತಾರೆ.

ರಾತ್ರಿಗೆ ಹಣ ಕೊಟ್ಟು ನೋಡುವ ಪ್ರದರ್ಶನಗಳಿವೆ. ಬ್ರೂಸ್ ಮನ್ರೋ ಎಂಬ ಕಲಾವಿದ 2016ರಲ್ಲಿ ಮರಳಿನಲ್ಲಿ ನೆಟ್ಟ 50,000 ದೀಪದ ಕಡ್ಡಿಗಳ ಬಯಲು ಇದೆ. 2023ರಿಂದ ಸಾವಿರಕ್ಕೂ ಹೆಚ್ಚು ಡ್ರೋನುಗಳು ಅನಂಗು ಜನರ ಮಾಲಾ ಕಥೆಯನ್ನು ಆಕಾಶದಲ್ಲಿ ಬರೆಯುವ ಪ್ರದರ್ಶನವೂ ಸೇರಿದೆ. ಒಂದನ್ನು ನೋಡಿದರೆ ಸಾಕು, ಹದಿನಾಲ್ಕು ಟಿಕೆಟುಗಳ ಬೆಲೆ ಕಡಿಮೆಯದಲ್ಲ.

ಬಿಟ್ಟಿ ಪ್ರದರ್ಶನ ನೆತ್ತಿಯ ಮೇಲೆಯೇ ಇದೆ. ಊರಿನ ದೀಪಗಳಿಂದ ತುಸು ದೂರದಲ್ಲಿ ಕಂಬಳಿ ಹಾಸಿ, ಸ್ವೆಟರು ತೊಟ್ಟು ಮಲಗಿಕೊಳ್ಳಿ. ನಮ್ಮೂರಿನಲ್ಲಿ ದಕ್ಷಿಣದ ದಿಗಂತದ ಬಳಿಯೇ ಉಳಿಯುವ ಅಗಸ್ತ್ಯ ನಕ್ಷತ್ರ ಅಲ್ಲಿ ಬಹಳ ಮೇಲಕ್ಕೆ ಬಂದಿರುತ್ತದೆ. ವಿಶ್ವಾಮಿತ್ರರು ನಡುವಾನದಲ್ಲಿ ನಿಲ್ಲಿಸಿದ ತ್ರಿಶಂಕುವೆಂದು ನಮ್ಮವರು ಹೇಳುವ, ಆಸ್ಟ್ರೇಲಿಯಾದವರು ತಮ್ಮ ಬಾವುಟದ ಮೇಲೆಯೇ ಇಟ್ಟುಕೊಂಡಿರುವ ದಕ್ಷಿಣದ ಶಿಲುಬೆ ಸ್ಪಷ್ಟವಾಗಿ ಕಾಣುತ್ತದೆ. ಓರಿಯನ್ ಬೇಟೆಗಾರ ತಲೆಕೆಳಗಾಗಿ ಪಡುವಣಕ್ಕೆ ಇಳಿಯುತ್ತಿರುತ್ತಾನೆ. ಆಕಾಶಗಂಗೆ ನಿಜವಾಗಿಯೂ ಹಾಲು ಚೆಲ್ಲಿದಂತಿರುತ್ತದೆ. ತ್ರಿಶಂಕುವಿನ ಕಥೆಯನ್ನು ಅಜ್ಜನ ಬಾಯಿಂದ ಕೇಳಿಸಿ, ಮಗ್ಗುಲಲ್ಲಿ ಮಲಗಿದ ಅಮೆರಿಕದ ಮೊಮ್ಮಗ ಅರ್ಧ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ತಿದ್ದಲು ಹೋಗಬೇಡಿ.

ಕೊನೆಯ ಬೆಳಿಗ್ಗೆ ತಲಿಂಗುರು ನ್ಯಾಕುಂಜಾಕು ಎಂಬ ಸೂರ್ಯೋದಯದ ವೀಕ್ಷಣಾ ಜಾಗಕ್ಕೆ ಎಲ್ಲರೂ ಹೋಗಿ. ಉಲುರು ಮುಂದೆ, ಕಟ ಜೂಟ ಹಿಂದೆ ಒಂದೇ ನೋಟದಲ್ಲಿ ಕಾಣುವುದರಿಂದ ಇಡೀ ಬಳಗದ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನೆಲದ ಮೇಲೆ ಮಕ್ಕಳು, ಮಡಿಸುವ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ಉಳಿದವರು ಎಂಬ ಹಳೆಯ ಸ್ಟುಡಿಯೋ ಕ್ರಮವೇ ಸಾಕು. ಬೇರೆ ಪ್ರವಾಸಿಯೊಬ್ಬರ ಕೈಗೆ ಫೋನು ಕೊಟ್ಟು, ತೆಗೆಯುವವರೂ ಚಿತ್ರದಲ್ಲಿ ಇರುವಂತೆ ನೋಡಿಕೊಳ್ಳಿ.

ಪೆಟ್ಟಿಗೆ ಕಟ್ಟುವಾಗ ಇನ್ನೊಂದು ಕೆಲಸವಿದೆ. ಕ್ಷೇತ್ರಕ್ಕೆ ಹೋದವರು ಅಲ್ಲಿಯ ಚಿಟಿಕೆ ಮಣ್ಣನ್ನೋ ಒಂದು ಕಲ್ಲನ್ನೋ ದೇವರಕೋಣೆಗೆ ತರುವ ರೂಢಿ ನಮ್ಮಲ್ಲಿ ಉಂಟು. ಉಲುರುವಿನಿಂದ ಕಲ್ಲನ್ನಾಗಲಿ ಮರಳನ್ನಾಗಲಿ ತೆಗೆದೊಯ್ಯುವಂತಿಲ್ಲ. ಒಯ್ದವರಲ್ಲಿ ಎಷ್ಟೋ ಮಂದಿ ಆಮೇಲೆ ಪಶ್ಚಾತ್ತಾಪದ ಪತ್ರದೊಡನೆ ಅವುಗಳನ್ನು ಅಂಚೆಯಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ, ಉದ್ಯಾನದವರು ಅವುಗಳಿಗೆ ‘ಸಾರಿ ರಾಕ್ಸ್’ ಎಂದೇ ಹೆಸರಿಟ್ಟಿದ್ದಾರೆ. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಮಕ್ಕಳ ಜೇಬುಗಳನ್ನು ಒಮ್ಮೆ ತಡವಿ ನೋಡಿ. ಅಜ್ಜಿಯ ಕೈಚೀಲವನ್ನೂ.